ಬಾಕಿ ನೆನಪಿಡುವ ಕಂಪ್ಯೂಟರಿಗೆ ಕೀಲು ಯಾಕೆ ಕಾಣುವುದಿಲ್ಲ?



ಡಿಜಿಟಲ್ ಆರೋಗ್ಯದ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯ ಪುರವಣಿಯಲ್ಲಿ ಬಂದ ಹೊಗಳಿಕೆಯ ಬರಹ ಓದಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ. ದೇಶದಲ್ಲಿ ಆಭಾ ಎಂಬ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ ಪಡೆದವರು 70 ಕೋಟಿ ದಾಟಿದ್ದಾರಂತೆ. ಸಂತೋಷ. ಭಾಲ್ಕಿಯಲ್ಲಿರುವ ನನ್ನ ಅಕ್ಕನೂ ಆ 70 ಕೋಟಿಯಲ್ಲಿ ಒಬ್ಬಳು. ಆ 14 ಅಂಕಿಗಳಿಂದ ಅವಳಿಗೆ ಸಿಕ್ಕಿದ್ದೇನು ಎಂದು ಸಾಧ್ಯವಾದರೆ ನಿಮ್ಮ ಲೇಖಕರಿಗೆ ತಿಳಿಸಿ.

ಅಕ್ಕನಿಗೆ ರುಮಟಾಯ್ಡ್ ಸಂಧಿವಾತ. ಬೀದರ್, ಕಲಬುರಗಿ ಕಡೆಯವರು ಇಂಥ ಕಾಯಿಲೆಗೆ ಹೈದರಾಬಾದಿನ ದಾರಿ ಹಿಡಿಯುವುದು ನಿಮಗೆ ಗೊತ್ತಿರುವುದೇ. ಬಂದಾಗಲೆಲ್ಲ ಕುಷಾಯಿಗೂಡದ ನಮ್ಮ ಮನೆಯಲ್ಲಿ ಉಳಿಯುತ್ತಾಳೆ. ಈ ಸಲವೂ ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಹೆಸರು ಬೇಡ, ಇನ್ನೊಂದು ಆಸ್ಪತ್ರೆಗೆ ಹೋಗಿದ್ದರೂ ಕಥೆ ಬೇರೆ ಆಗುತ್ತಿರಲಿಲ್ಲ. ಕೌಂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದೆವು, ಟೋಕನ್ ಬಂತು. ಹಿಂದಿನ ಸಲದ ಲ್ಯಾಬ್ ಬಿಲ್ಲಿನಲ್ಲಿ ಸ್ವಲ್ಪ ಬಾಕಿ ಉಳಿದಿದೆ ಎಂದು ಕಂಪ್ಯೂಟರು ಕಣ್ಣು ಮಿಟುಕಿಸುವುದರೊಳಗೆ ಹೇಳಿತು. ಕಟ್ಟಿದೆವು. ಒಳಗೆ ಹೊಸ ಡಾಕ್ಟರು. ಅವರ ಮೊದಲ ಮಾತು: “ಪಾತ ರಿಪೋರ್ಟುಲು ತೆಚ್ಚಾರಾ?”

ಹಳೆಯ ರಿಪೋರ್ಟು ನಾವು ತರಬೇಕು! ಆ ರಕ್ತಪರೀಕ್ಷೆ ಆಗಿದ್ದು ಅದೇ ಕಟ್ಟಡದ ಕೆಳಮಹಡಿಯಲ್ಲಿ. ಅದರ ಬಾಕಿ ಹಣ ಕಂಪ್ಯೂಟರಿನಲ್ಲಿದೆ, ಅದರ ಫಲಿತಾಂಶ ಮಾತ್ರ ಅಕ್ಕನ ಕ್ಯಾರಿಬ್ಯಾಗಿನಲ್ಲಿರಬೇಕು.

ಇಷ್ಟಾಗಿದ್ದರೆ ಬೈದುಕೊಂಡು ಮನೆಗೆ ಬರುತ್ತಿದ್ದೆ. ಪತ್ರ ಬರೆಸಿದ್ದು ಆಮೇಲೆ ನಡೆದದ್ದು. ಡಾಕ್ಟರು ಬರೆದ ಮಾತ್ರೆಗಳ ಚೀಟಿ ಪ್ರಿಂಟರಿನಿಂದ ಚೆಂದವಾಗಿ ಹೊರಬಂತು. ಅದರಲ್ಲಿ ಮೆಥೊಟ್ರೆಕ್ಸೇಟ್ ಎದುರು 1-0-0 ಎಂದು ಅಚ್ಚಾಗಿತ್ತು. ಮೆಡಿಕಲ್ ಶಾಪಿನ ಹುಡುಗ ಅದನ್ನು ನೋಡಿ ಕವರಿನ ಮೇಲೆ ದಿನಾ ಬೆಳಿಗ್ಗೆ ಒಂದು ಎಂದು ಬರೆದುಕೊಟ್ಟ. ಅವನದೇನು ತಪ್ಪು? ಚೀಟಿಯಲ್ಲಿ ಹಾಗೇ ಇತ್ತು. ಅಕ್ಕ ಓದಿದ್ದು ನಾಲ್ಕನೇ ಇಯತ್ತೆ. ಅವಳೇ ಕವರು ತಿರುಗಿಸಿ, “ಏ ತಮ್ಮಾ, ಇದು ಗುರುವಾರದ ಗುಳಿಗಿ ಅದ. ದಿನಾ ನುಂಗಿದ್ರ ಜೀವಕ್ಕ ಬರ್ತದ” ಅಂದಳು.

ಅವಳು ಹೇಳಿದ್ದು ಅಕ್ಷರಶಃ ಸತ್ಯ. ಸಂಧಿವಾತಕ್ಕೆ ಈ ಮಾತ್ರೆ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ತೆಗೆದುಕೊಂಡರೆ ಬಾಯೆಲ್ಲ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಜನ ಸತ್ತಿದ್ದಾರೆ. ಕೈಬರಹದ ಚೀಟಿಯ ಕಾಲದಲ್ಲಿ ಹಳೇ ಡಾಕ್ಟರು ‘ವಾರಕ್ಕೊಮ್ಮೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಈಗಿನ ಸಾಫ್ಟ್‌ವೇರಿನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ಮೂರು ಮನೆಗಳಿವೆ, ವಾರಕ್ಕೆ ಮನೆಯೇ ಇಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಸೇಫ್ ಮೆಡಿಕೇಶನ್ ಪ್ರಾಕ್ಟಿಸಸ್ ಸಂಸ್ಥೆ 2014ರಿಂದಲೇ ಹೇಳುತ್ತ ಬಂದಿದೆ: ಮೆಥೊಟ್ರೆಕ್ಸೇಟ್ ಎಂದು ಟೈಪ್ ಮಾಡಿದರೆ ಕಂಪ್ಯೂಟರು ತಾನಾಗಿಯೇ ‘ವಾರಕ್ಕೊಮ್ಮೆ’ ಎಂದು ತೋರಿಸಬೇಕು, ಯಾರಾದರೂ ದಿನಾ ಎಂದು ಬರೆಯಹೊರಟರೆ ತಡೆದು ಕಾರಣ ಕೇಳಬೇಕು. ನಮ್ಮಲ್ಲಿ ಆ ಕೆಲಸಕ್ಕೆ ಭಾಲ್ಕಿಯ ಹೆಂಗಸು ಬರಬೇಕಾಯಿತು.

ನನಗೆ ಹೆಚ್ಚು ನಾಚಿಕೆಯಾದದ್ದು ಇದೆಲ್ಲ ನಡೆಯುತ್ತಿರುವ ಊರಿನಿಂದ. ಕುಷಾಯಿಗೂಡ ಎಂದರೆ ಇಸಿಐಎಲ್ ಎಂಬ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಪ್ರದೇಶ. 1967ರಲ್ಲಿ ವಿಜ್ಞಾನಿ ಎ.ಎಸ್. ರಾವ್ ಅವರ ನೇತೃತ್ವದಲ್ಲಿ ಶುರುವಾದ ಆ ಕಾರ್ಖಾನೆ 1969ರಲ್ಲೇ ಟಿಡಿಸಿ-12 ಎಂಬ ಸ್ವದೇಶಿ ಕಂಪ್ಯೂಟರನ್ನು ಹೊರತಂದಿತು. ಮತಯಂತ್ರದ ಮಾದರಿಯನ್ನು 1979ರಲ್ಲಿ ತಯಾರಿಸಿದ್ದೂ ಅದೇ. ದೇಶದ ಮತದಾರರ ಒಂದೊಂದು ಒತ್ತನ್ನೂ ಲೆಕ್ಕ ತಪ್ಪದೆ ಇಡುವ ಯಂತ್ರ ಹುಟ್ಟಿದ ಊರಲ್ಲಿ, ಒಬ್ಬ ರೋಗಿಯ ಹೋದ ತಿಂಗಳ ರಕ್ತಪರೀಕ್ಷೆ ಕೆಳಮಹಡಿಯಿಂದ ಮೇಲಿನ ಮಹಡಿಗೆ ಹತ್ತುವುದಿಲ್ಲ.

ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತನಾದವನು ನಾನು. ನಮ್ಮ ಶೆಡ್ಡಿನಲ್ಲಿ ಒಂದು ಸಣ್ಣ ಬುಶ್ ತಯಾರಾದರೂ ಅದರ ಜೊತೆ ಜಾಬ್ ಕಾರ್ಡು ಮಶೀನಿನಿಂದ ಮಶೀನಿಗೆ ಹೋಗುತ್ತಿತ್ತು. ಯಾರು ಕೊರೆದರು, ಎಷ್ಟು ಅಳತೆ ಬಂತು, ಮುಂದೇನು ಎಲ್ಲ ಅದರಲ್ಲಿ. ಕಾರ್ಡಿಲ್ಲದ ಜಾಬನ್ನು ಯಾರೂ ಮುಟ್ಟುತ್ತಿರಲಿಲ್ಲ. ಹನ್ನೆರಡು ರೂಪಾಯಿಯ ಬುಶ್ಶಿಗೆ ಇದ್ದ ಮರ್ಯಾದೆ ನನ್ನ ಅಕ್ಕನ ಮಣಿಕಟ್ಟಿಗೆ ಇಲ್ಲ.

ಈ ಕಾಯಿಲೆಯಲ್ಲಿ ಅಳತೆಯೇ ಅರ್ಧ ಔಷಧ. ಕೈ, ಮಣಿಕಟ್ಟು, ಮೊಣಕೈ, ಭುಜ, ಮೊಣಕಾಲು ಸೇರಿ 28 ಕೀಲುಗಳಲ್ಲಿ ಎಷ್ಟು ಊದಿವೆ, ಎಷ್ಟು ಒತ್ತಿದರೆ ನೋಯುತ್ತವೆ ಎಂದು ಎಣಿಸಿ, ಇಎಸ್‌ಆರ್ ಅಥವಾ ಸಿಆರ್‌ಪಿ ರಕ್ತಪರೀಕ್ಷೆಯ ಲೆಕ್ಕ ಸೇರಿಸಿ, ರೋಗಿಗೆ ತಾನು ಹೇಗಿದ್ದೇನೆ ಅನ್ನಿಸುತ್ತದೆ ಎಂಬುದನ್ನೂ ಕೂಡಿಸಿ ಒಂದು ಅಂಕ ತೆಗೆಯುತ್ತಾರೆ. ಡಿಎಎಸ್28 ಎಂದು ಅದರ ಹೆಸರು. 5.1 ದಾಟಿದರೆ ಕಾಯಿಲೆ ಜೋರಾಗಿದೆ, 2.6ಕ್ಕಿಂತ ಕೆಳಗಿಳಿದರೆ ಹತೋಟಿಗೆ ಬಂದಿದೆ. ಗ್ಲಾಸ್ಗೋದಲ್ಲಿ ನಡೆದ ಟಿಕೋರಾ ಎಂಬ ಅಧ್ಯಯನ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ತಿಂಗಳಿಗೊಮ್ಮೆ ಇಂಥದ್ದೇ ಅಳತೆ ಮಾಡಿ, ಅಂಕ ಇಳಿಯದಿದ್ದರೆ ಮದ್ದು ಬದಲಿಸುತ್ತ ಹೋದ ಗುಂಪಿನಲ್ಲಿ ನೂರಕ್ಕೆ 65 ಜನರ ಕಾಯಿಲೆ ತಣ್ಣಗಾಯಿತು. ಮಾಮೂಲು ಚಿಕಿತ್ಸೆಯ ಗುಂಪಿನಲ್ಲಿ 16 ಮಾತ್ರ. ಲಕ್ಷಗಟ್ಟಲೆ ರೂಪಾಯಿಯ ಬಯಾಲಾಜಿಕ್ ಇಂಜೆಕ್ಷನ್ನುಗಳಿಂದ ಅಲ್ಲ, ಹಳೆಯ ಮದ್ದುಗಳಿಂದಲೇ. ಅಕ್ಕನ ಅಂಕ ಎಷ್ಟು? ಯಾವ ಚೀಟಿಯಲ್ಲೂ ಇಲ್ಲ. “ಹೆಂಗಿದ್ದೀರಿ ಅಮ್ಮಾ?” “ಹಂಗೇ ಅದ ಸಾಬ್.” “ಸರಿ, ಅದೇ ಗೋಲಿ ಕಂಟಿನ್ಯೂ ಮಾಡಿ.” ಪ್ರತಿ ಸಲದ ತಪಾಸಣೆ ಇಷ್ಟೇ.

ಅಮೆರಿಕದ ಪೆನ್ಸಿಲ್ವೇನಿಯಾದ ಗೈಸಿಂಗರ್ ಆಸ್ಪತ್ರೆಗಳಲ್ಲಿ ರೋಗಿ ಕಾಯುವ ಹೊತ್ತಿನಲ್ಲೇ ತನ್ನ ನೋವು, ಬಿಗಿತಗಳನ್ನು ಪರದೆ ಮುಟ್ಟಿ ದಾಖಲಿಸುವ ಏರ್ಪಾಟು ಮಾಡಿದ್ದರು. ಡಾಕ್ಟರು ಕೀಲು ಎಣಿಸಿದ್ದೂ ಲ್ಯಾಬಿನ ಲೆಕ್ಕವೂ ಅದಕ್ಕೆ ಸೇರಿ ಒಂದೇ ಪರದೆಯಲ್ಲಿ ಕಾಣುತ್ತಿತ್ತು. ನಾವು ಅಮೆರಿಕ ಅಲ್ಲ ಎಂಬ ಉತ್ತರ ಬರುತ್ತದೆ, ಗೊತ್ತು. ಆದರೆ ಅಮೆರಿಕದ ಆಸ್ಪತ್ರೆಗಳ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗರು ಇದೇ ಊರಿನ ಹೈಟೆಕ್ ಸಿಟಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾರಲ್ಲ, ಸ್ವಾಮಿ!

ಇನ್ನೊಂದು ಮಾತು ಹೇಳದಿದ್ದರೆ ಹೊಟ್ಟೆಯುರಿ ಹೋಗುವುದಿಲ್ಲ. ಸಂಧಿವಾತದವರಿಗೆ ಬೆಳಿಗ್ಗೆ ಎದ್ದಾಗ ಕೀಲುಗಳು ಬಿಗಿದುಕೊಂಡಿರುತ್ತವೆ, ಸಡಿಲವಾಗಲು ಒಂದು ಗಂಟೆಯೋ ಹೆಚ್ಚೋ ಬೇಕು. ಯಾವ ಪಠ್ಯಪುಸ್ತಕ ತೆರೆದರೂ ಈ ಕಾಯಿಲೆಯ ಗುರುತುಗಳಲ್ಲಿ ಇದು ಇದ್ದೇ ಇರುತ್ತದೆ. ಆದರೂ ಸಂಧಿವಾತ ವಿಭಾಗದ ಟೋಕನ್ನಿಗೆ ಬೆಳಿಗ್ಗೆ ಏಳಕ್ಕೆ ಸಾಲು ನಿಲ್ಲಬೇಕು! ಬಾಚಣಿಗೆ ಹಿಡಿಯಲಾಗದ ಹೊತ್ತಿನಲ್ಲಿ ಅಕ್ಕ ನಮ್ಮ ಮನೆಯ ಮೆಟ್ಟಿಲು ಇಳಿದು ಆಟೋ ಹತ್ತಬೇಕು. ಕೌಂಟರಿನಲ್ಲಿ ಆಧಾರ್‌ಗೆ ಬೆರಳಚ್ಚು ಒತ್ತಿ ಅಂತಾರೆ. ಸೊಟ್ಟಗಾದ ಬೆರಳು ಗಾಜಿನ ಮೇಲೆ ಸಪಾಟಾಗಿ ಕೂರುವುದಿಲ್ಲ. “ಗಟ್ಟಿಯಾಗಿ ಒತ್ತಮ್ಮಾ” ಎಂದು ಆ ಕಡೆಯಿಂದ ಗದರಿಕೆ. ಬೆರಳು ಒತ್ತಲಾಗದ ಕಾಯಿಲೆಗೇ ಅವಳು ಬಂದದ್ದು, ಮಹಾರಾಯರೇ. ಈ ಒಂದು ವಿಭಾಗದ ಟೋಕನ್ನನ್ನು ಹನ್ನೊಂದರ ಮೇಲೆ ಕೊಡಲು ಯಾವ ಮಿಷನ್ನೂ ಬೇಕಿಲ್ಲ, ಯಾವ ಮಂತ್ರಿಯೂ ಗುಂಡಿ ಒತ್ತಬೇಕಿಲ್ಲ. ಗೋಡೆಯ ಮೇಲಿನ ಬೋರ್ಡು ಬದಲಿಸಿದರೆ ಸಾಕು.

ಕಾನೂನಿಗೇನೂ ಬರ ಇಲ್ಲ. ರೋಗಿ ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕೆಂದು ಅಂದಿನ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿದೆ. ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ ಹೇಗಿರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ಮಾನದಂಡ ತಂದು, 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂತು. ತೆಲಂಗಾಣ ಸರ್ಕಾರ ತನ್ನದೇ ಇ-ಹೆಲ್ತ್ ಪ್ರೊಫೈಲ್ ಎಂದು 2022ರ ಮಾರ್ಚ್‌ನಲ್ಲಿ ಮುಲುಗು ಮತ್ತು ಸಿರಿಸಿಲ್ಲ ಜಿಲ್ಲೆಗಳಲ್ಲಿ ಶುರು ಮಾಡಿತು. ಇಷ್ಟೆಲ್ಲ ಆದಮೇಲೂ ನಾನು ಕೌಂಟರಿನಲ್ಲಿ ಕೇಳಿದ್ದಕ್ಕೆ ಸಿಕ್ಕ ಉತ್ತರ: “ಆ ಸಿಸ್ಟಮ್ ಬೇರೆ, ಈ ಸಿಸ್ಟಮ್ ಬೇರೆ ಸಾರ್.” ಬಿಲ್ಲಿನದು ಒಂದು, ಲ್ಯಾಬಿನದು ಒಂದು, ಡಾಕ್ಟರದು ಒಂದು. ಇನ್ನು ಭಾಲ್ಕಿಯ ಆಸ್ಪತ್ರೆಗೂ ಹೈದರಾಬಾದಿಗೂ ನಂಟು ಬೆಸೆಯುವ ಮಾತು ಯಾರ ಮುಂದೆ ಆಡಲಿ? ರೋಗಿಗಳು ಹೆಚ್ಚು, ಡಾಕ್ಟರು ಕಡಿಮೆ ಎಂಬ ಸಬೂಬನ್ನು ದಯವಿಟ್ಟು ಯಾರೂ ಹೇಳಬೇಡಿ. ಬಾಕಿ ವಸೂಲಿಗೆ ಆ ಗದ್ದಲ ಅಡ್ಡ ಬಂದದ್ದನ್ನು ನಾನು ಕಂಡಿಲ್ಲ.

ನಾವು ಕೇಳುವುದು ದೊಡ್ಡದಲ್ಲ. ಸಂಧಿವಾತದ ರೋಗಿ ಎದುರು ಕೂತಾಗ ಡಾಕ್ಟರ ಪರದೆಯಲ್ಲಿ ಹಿಂದಿನ ಸಲದ ಕೀಲಿನ ಅಂಕ, ಯಕೃತ್ತಿನ ಮತ್ತು ರಕ್ತಕಣಗಳ ಕೊನೆಯ ಪರೀಕ್ಷೆ, ಮುಂದಿನದು ಯಾವಾಗ ಎಂಬುದು ಕಾಣಲಿ. ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಪಕ್ಕ ವಾರದ ಹೆಸರು ಅಚ್ಚಾಗಲಿ, ಅದೂ ರೋಗಿಗೆ ಓದಲು ಬರುವ ಭಾಷೆಯಲ್ಲಿ. ಕಾಯಿಲೆ ಹತೋಟಿಯಲ್ಲಿರುವವರ ರಕ್ತಪರೀಕ್ಷೆ ಅವರ ಊರಲ್ಲೇ ಆಗಲಿ, ಡಾಕ್ಟರು ಇಲ್ಲಿಂದಲೇ ನೋಡಿ ಫೋನಿನಲ್ಲಿ ಹೇಳಲಿ.

ಸಂಪಾದಕರೇ, ಎಷ್ಟು ಕೋಟಿ ಆಭಾ ಸಂಖ್ಯೆ ಆಯಿತು ಎಂದು ನಿಮ್ಮ ಪತ್ರಿಕೆ ಮತ್ತೆ ಬರೆಯುವುದಾದರೆ, ಅವುಗಳಲ್ಲಿ ಎಷ್ಟನ್ನು ಡಾಕ್ಟರು ಒಮ್ಮೆಯಾದರೂ ತೆರೆದು ಓದಿದ್ದಾರೆ ಎಂದು ಅಧಿಕಾರಿಗಳನ್ನು ಕೇಳಿ, ಆ ಅಂಕಿಯನ್ನೂ ಪಕ್ಕದಲ್ಲೇ ಅಚ್ಚು ಹಾಕಿ.

— ನಿಮ್ಮ ಹಳೆಯ ಓದುಗ,
ಕುಷಾಯಿಗೂಡ, ಹೈದರಾಬಾದ್