ವಾಪಸ್ ಬರುವ ರೊಕ್ಕದ ಆಸೆ

ಸಿಂಧನೂರು, ಮಸ್ಕಿ, ಲಿಂಗಸುಗೂರು, ಒಂದೇ ರಸ್ತೆಯ ಈ ಮೂರು ಊರುಗಳಲ್ಲಿ ಯಾರ ಮನೆಯಲ್ಲಿ ವಿಮೆಯ ಮಾತೆತ್ತಿದರೂ ಹೆಣ್ಣುಮಕ್ಕಳು ಮೊದಲು ಕೇಳುವುದು ಒಂದೇ: "ಕಟ್ಟಿದ ರೊಕ್ಕ ವಾಪಸ್ ಬರ್ತದೇನ್ರೀ ಟೀಚರ್?" ಬರುವುದಿಲ್ಲ ಎಂದರೆ ಮುಖ ಸಿಂಡರಿಸುತ್ತಾರೆ. ಈ ಪ್ರಶ್ನೆಯೇ ತಪ್ಪು ಎಂದು ಜಗಳಕ್ಕೆ ನಿಲ್ಲುವವಳು ನಾನು. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತೇವಲ್ಲ, ಕೆಡುಕು ಬರಲಿಲ್ಲವೆಂದು ಅಂಗಡಿಯವನಲ್ಲಿ ಅದರ ರೊಕ್ಕ ವಾಪಸ್ ಕೇಳುತ್ತೇವೆಯೇ?

ಟರ್ಮ್ ಪಾಲಿಸಿ ಇಪ್ಪತ್ತೋ ಮೂವತ್ತೋ ವರ್ಷದ ಕರಾರು. ಅಷ್ಟರೊಳಗೆ ಯಜಮಾನರು ತೀರಿಕೊಂಡರೆ ಮನೆಯವರಿಗೆ ದೊಡ್ಡ ಮೊತ್ತ. ಬದುಕಿದ್ದರೆ ಏನೂ ಇಲ್ಲ. ಹೋಲ್ ಲೈಫ್ ಪಾಲಿಸಿ ಜೀವಮಾನವಿಡೀ ಇರುತ್ತದೆ, ಒಂದಲ್ಲ ಒಂದು ದಿನ ಹಣ ಬಂದೇ ಬರುತ್ತದೆ. ಹಾಗೆ ಬಂದೇ ಬರುವ ಹಣವನ್ನು ಕಂಪನಿ ತನ್ನ ಗಂಟಿನಿಂದ ಕೊಡುತ್ತದೆಯೇ? ನಿಮ್ಮ ಕಂತಿನಲ್ಲೇ ವಸೂಲಿ ಮಾಡುತ್ತದೆ. ಆದ್ದರಿಂದ ಕಂತು ಹಲವು ಪಟ್ಟು ಹೆಚ್ಚು. (ಕಂತು ದೊಡ್ಡದಾದಷ್ಟೂ ಏಜೆಂಟರ ಕಮಿಷನ್ನೂ ದೊಡ್ಡದು.) ಅಷ್ಟು ಕಟ್ಟಲಾರದೆ ನಾವು ಎರಡು ಲಕ್ಷದ ಪಾಲಿಸಿ ಮಾಡಿಸಿ ಸುಮ್ಮನಾಗುತ್ತೇವೆ. ತಿಂಗಳಿಗೆ 20,000 ರೂಪಾಯಿ ಖರ್ಚಿನ ಮನೆಗೆ ಎರಡು ಲಕ್ಷ ಹತ್ತೇ ತಿಂಗಳು. ಹನ್ನೊಂದನೆಯ ತಿಂಗಳು ಮಗಳ ಕಾಲೇಜು ಫೀಸಿಗೆ ಯಾರ ಬಾಗಿಲು ತಟ್ಟುವುದು?

ಹಟ್ಟಿ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಇಳಿಯುವವರ, ಸಿಂಧನೂರಿನ ಭತ್ತದ ಲಾರಿ ಓಡಿಸುವವರ ಹೆಂಡಂದಿರಿಗೆ ಬೇಕಾದದ್ದು ಗಂಡ ಎಂಬತ್ತು ದಾಟಿ ಹೋದ ಮೇಲೆ ಬರುವ ಹಣವಲ್ಲ. ಮಕ್ಕಳು ಇನ್ನೂ ಶಾಲೆಯಲ್ಲಿರುವಾಗ ಕೈಹಿಡಿಯುವ ಹಣ.

"ಕಂತು ಅಂತ ಕಟ್ಟಿದ್ರ ಉಳೀತದ್ರೀ, ಇಲ್ಲಂದ್ರ ಕೈಯಾಗ ಕರಗ್ತದ" ಎನ್ನುವುದು ಇನ್ನೊಂದು ವಾದ. ಉಳಿಸಲು ಅಂಚೆ ಕಚೇರಿಯ ಆರ್.ಡಿ. ಇದೆ. ನಮ್ಮದು ಕಾಲುವೆ ನಂಬಿದ ಸೀಮೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಬೆಳೆ ಹೋಯಿತೆಂದು ಎಷ್ಟು ಮನೆಯವರ ಎದೆ ಒಡೆದಿತ್ತು, ನೆನಪಿಸಿಕೊಳ್ಳಿ. ಅಂಥ ಒಂದು ವರ್ಷ ಬಂದರೆ ಮೊದಲು ನಿಲ್ಲುವುದೇ ದೊಡ್ಡ ಕಂತು. ಮೊದಲ ಕೆಲವು ವರ್ಷಗಳಲ್ಲೇ ಬಿಟ್ಟವರಿಗೆ ಕಟ್ಟಿದಷ್ಟೂ ಕೈಗೆ ಬರುವುದಿಲ್ಲ.

ದುಡಿಯಲಾರದ, ಜೀವನಪರ್ಯಂತ ಇನ್ನೊಬ್ಬರ ಆಸರೆ ಬೇಕಾದ ಮಗುವಿದ್ದರೆ ಮಾತು ಬೇರೆ. ಅಲ್ಲಿ ಹೋಲ್ ಲೈಫ್‌ಗೆ ಅರ್ಥವಿದೆ.

2015ರಲ್ಲಿ ಬಂದ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯೂ ಒಂದು ವರ್ಷದ ಟರ್ಮ್ ಪಾಲಿಸಿಯೇ. 18ರಿಂದ 50 ವಯಸ್ಸಿನೊಳಗೆ ಸೇರಬಹುದು. ವರ್ಷಕ್ಕೆ 436 ರೂಪಾಯಿ, ಎರಡು ಲಕ್ಷದ ರಕ್ಷಣೆ. ಸಾಲದು, ಆದರೆ ಇರಲಿ. ನಿಮ್ಮ ಯಜಮಾನರ ಖಾತೆಯಿಂದ ಈ ಹಣ ಕಡಿತವಾಗುತ್ತಿದೆಯೇ, ಪಾಸ್‌ಬುಕ್ ತೆಗೆದು ನೋಡಿ. ಗೊತ್ತಿಲ್ಲದ ಪಾಲಿಸಿಯ ಹಣವನ್ನು ಯಾರೂ ಹೋಗಿ ಕೇಳುವುದಿಲ್ಲ.

ಮನೆಯಲ್ಲಿ ಸಾಲವಿದ್ದರೆ ಇನ್ನೊಂದು ಮಾತು. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೇ ಕಲಮಿನಂತೆ, ಗಂಡ ಹೆಂಡತಿ ಮಕ್ಕಳಿಗಾಗಿಯೇ ಎಂದು ಮಾಡಿಸಿದ ಪಾಲಿಸಿಯ ಹಣಕ್ಕೆ ಅವನ ಸಾಲಗಾರರು ಕೈಹಾಕುವಂತಿಲ್ಲ. ಟರ್ಮ್ ಪಾಲಿಸಿಗೂ ಇದು ಅನ್ವಯ. ಅರ್ಜಿ ತುಂಬುವಾಗಲೇ ಬರೆಸಿ, ಆಮೇಲೆ ಸೇರಿಸಲು ಬರುವುದಿಲ್ಲ. ಹಾಗೆಯೇ ಯಜಮಾನರು ಗುಟ್ಕಾ ಜಗಿಯುತ್ತಿದ್ದರೆ ಅದನ್ನೂ ಬರೆಸಿ. ಮುಚ್ಚಿಟ್ಟರೆ ಹಣ ಕೇಳುವ ದಿನ ತಕರಾರು ನಿಮ್ಮ ತಲೆಗೇ ಬರುತ್ತದೆ.