ಸಂಕಲ್ಪದ ಜೊತೆಗೆ ಚಿಕಿತ್ಸೆಯೂ ಬೇಕು



ಗೊರೇಬಾಳ ಸೀಮೆಯ ಹಿರಿಯರು ಶ್ರೀಮಠಕ್ಕೆ ಬಂದಾಗ ಹೇಳುವ ಮಾತೊಂದಿದೆ: “ಅಪ್ಪಾರ, ನಮ್ಮ ಹುಡುಗ ಗಾಂಜಾ ಮುಟ್ಟಂಗಿಲ್ರಿ, ಬರೇ ಸೇಂದಿ ಕುಡೀತಾನ. ಗಿಡದ ರಸ, ಅದೇನು ಮಾಡ್ತದ?”

ಈ ನಂಬಿಕೆಯೇ ಮನೆಗಳನ್ನು ಹಾಳು ಮಾಡುತ್ತಿದೆ. 2004ರಲ್ಲಿ ಸರ್ಕಾರ ನಮ್ಮ ಭಾಗದಲ್ಲಿ ಸೇಂದಿಯನ್ನು ನಿಷೇಧಿಸಿತು. ಆದರೂ ಗುಟ್ಟಾಗಿ ಮಾರುವವರಿದ್ದಾರೆ. ಅವರು ಮಾರುವುದರಲ್ಲಿ ಎಷ್ಟೋ ವೇಳೆ ಈಚಲ ರಸದ ಹನಿಯೂ ಇರುವುದಿಲ್ಲ. ನೀರಿಗೆ ಸ್ಯಾಕರಿನ್ ಬೆರೆಸಿ, ಅಮಲಿಗಾಗಿ ಸಿ.ಎಚ್. ಪೌಡರ್ ಹಾಕುತ್ತಾರೆ. ಇದರ ಪೂರ್ಣ ಹೆಸರು ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ಲೀಬಿಗ್ ಎಂಬ ವಿಜ್ಞಾನಿ ತಯಾರಿಸಿದ ಈ ವಸ್ತು 1869ರಿಂದ ನಿದ್ರೆಯ ಔಷಧಿಯಾಗಿ ಬಳಕೆಗೆ ಬಂತು. ಕೆಲವೆಡೆ ಅಲ್ಪ್ರಜೋಲಾಂ, ಡೈಜೆಪಾಂ ಎಂಬ ಔಷಧಿಗಳನ್ನೂ ಬೆರೆಸುತ್ತಾರೆ. ಇವೆಲ್ಲ ಮೆದುಳನ್ನು ಮಂದಗೊಳಿಸುತ್ತವೆ. ಪ್ರಮಾಣ ಮೀರಿದರೆ, ಅಥವಾ ಮೇಲೆ ಸಾರಾಯಿ ಬಿದ್ದರೆ, ಉಸಿರನ್ನೇ ನಿಲ್ಲಿಸುತ್ತವೆ.

ಕೆಲವು ವರ್ಷಗಳ ಹಿಂದೆ ಒಬ್ಬ ರೈತ ಭಕ್ತನಿಗೆ ವಿಭೂತಿ ಕೊಟ್ಟು, “ಇಂದೇ ಬಿಡು” ಎಂದು ವಚನ ಪಡೆದು ಕಳುಹಿಸಿದೆವು. ಆತ ಬಿಟ್ಟನು. ಮೂರನೆಯ ದಿನ ಕೈಕಾಲು ನಡುಗಿದವು, ಎದುರಿಗಿಲ್ಲದವರೊಡನೆ ಮಾತಾಡಿದನು, ಮೂರ್ಛೆ ಬಿದ್ದನು. ದೆವ್ವ ಹಿಡಿಯಿತೆಂದು ಮನೆಯವರು ಮಠಕ್ಕೇ ಹೊತ್ತು ತಂದರು. ಹೊತ್ತು ಮೀರುವ ಮೊದಲು ಆಸ್ಪತ್ರೆ ಸೇರಿದ್ದರಿಂದ ಜೀವ ಉಳಿಯಿತು. ಅವನ ಸಂಕಲ್ಪದಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನಮ್ಮ ತಿಳಿವಳಿಕೆಯಲ್ಲಿ.

ಮೆದುಳು ಈ ವಿಷಕ್ಕೆ ಒಗ್ಗಿದ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ. 2015ರಲ್ಲಿ ನೆರೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ತಡೆ ಬಿದ್ದಾಗ ನೂರಾರು ಜನ ಇದೇ ನಡುಕ, ಭ್ರಮೆ, ಮೂರ್ಛೆಗಳಿಂದ ಆಸ್ಪತ್ರೆ ಸೇರಿದರು. ಹಾಗೆಂದು ಬಿಡಬಾರದೆಂದಲ್ಲ, ಬಿಡುವ ಕ್ರಮವರಿತು ಬಿಡಬೇಕು. ವೈದ್ಯರು ದಿನದಿನಕ್ಕೆ ತಗ್ಗಿಸುವ ಔಷಧಿ ಕೊಟ್ಟು ಬಿಡಿಸುತ್ತಾರೆ. ದಾರಿ ತಿಳಿಯದವರು 14446ಕ್ಕೆ ಫೋನ್ ಮಾಡಿ ಕೇಳಬಹುದು. ಕುಡಿದು ಎಚ್ಚರ ತಪ್ಪಿದವನ ಬಾಯಿಗೆ ಮಜ್ಜಿಗೆ, ಹುಣಸೆಹುಳಿ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಬೇಡಿದ್ದು ಕಾಳಲ್ಲ, ಕಾಸಲ್ಲ; ಜನರ ದುಶ್ಚಟಗಳನ್ನು. ಅವರು ಹುಟ್ಟಿದ ಆಗಸ್ಟ್ 1ನ್ನು ನಮ್ಮ ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಅಪ್ಪಗಳು ಚಟವನ್ನು ಬೇಡಿದರು, ಚಟ ಹಿಡಿದವನನ್ನು ದೂರ ತಳ್ಳಲಿಲ್ಲ. ನಾವು ನೆನೆಯಬೇಕಾದದ್ದು ಅದನ್ನೇ.

ಆದ್ದರಿಂದ ಹಿರಿಯರೇ, ಮಗನನ್ನು ಬೈದು ಕಟ್ಟೆಗೆ ಕೂಡಿಸಬೇಡಿ, ಕೋಣೆಯಲ್ಲಿ ಕೂಡಿಹಾಕಬೇಡಿ. ಮೊದಲು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ; ಬಳಿಕ ಮಠಕ್ಕೆ ಕರೆತನ್ನಿರಿ. ನಮ್ಮ ಜೋಳಿಗೆ ಕಾದಿರುತ್ತದೆ. ಕಾಯಕ ಮಾಡುವ ಕೈ ನಡುಗದಿರಲಿ ಎಂದು ಹಾರೈಸುತ್ತೇವೆ.