ಸುಮ್ಮನಿದ್ದರೆ ಒಪ್ಪಿಗೆಯಲ್ಲ

ಮಗಳ ಶಾಲೆಯಿಂದ ಮೊನ್ನೆ ಪತ್ರ ಬಂತು: ಈ ಟರ್ಮ್‌ನಲ್ಲಿ ಒಪ್ಪಿಗೆ, ಕಾಂಡೋಮ್ ಬಗ್ಗೆ ಪಾಠ. ಇಂಗ್ಲೆಂಡಿನ ಸೆಕೆಂಡರಿ ಶಾಲೆಗಳಲ್ಲಿ 2020ರಿಂದ ಲೈಂಗಿಕ ಶಿಕ್ಷಣ ಕಡ್ಡಾಯ. ಓದಿ ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಮದುವೆಯಾಗಿ 16 ವರ್ಷ. ನಾವಿಬ್ಬರೇ ಈ ವಿಷಯ ಒಮ್ಮೆಯೂ ಬಾಯಿಬಿಟ್ಟು ಮಾತಾಡಿಲ್ಲ. ಬೇಡವೆನಿಸಿದ ರಾತ್ರಿ “ತಲೆನೋವು” ಅನ್ನುತ್ತಿದ್ದೆ, ಇಲ್ಲವೇ ಸುಮ್ಮನಿರುತ್ತಿದ್ದೆ. ಆ ಮೌನವನ್ನು ಅವರು ಒಪ್ಪಿಗೆ ಅಂದುಕೊಂಡಿದ್ದರು.

ಅಂದು ಪಾತ್ರೆ ತೊಳೆಯುತ್ತಾ ಹೇಳಿಬಿಟ್ಟೆ. ಬಹಳ ಹೊತ್ತು ಬಿಟ್ಟು, “ಮೊದಲೇ ಹೇಳಬಾರದಿತ್ತಾ?” ಅಂದರು. “ನೀವು ಕೇಳಬಹುದಿತ್ತಲ್ಲ?” ಅಂದೆ. ಈಗ ಕೇಳುತ್ತಾರೆ.

ನೀವೂ ಶುರುಮಾಡಿ, ಹಾಸಿಗೆಯಲ್ಲಲ್ಲ, ಕಾಫಿ ಕುಡಿಯುವಾಗ. ನಿನ್ನೆಯ “ಹೂಂ” ಇವತ್ತಿಗೆ ಸಲ್ಲದು. ಗಂಡನೇ ಆದರೂ ಬಲವಂತ ಅತ್ಯಾಚಾರವೇ ಎಂದು ಇಲ್ಲಿ 1991ರಲ್ಲೇ ತೀರ್ಪಾಗಿದೆ. ಗುಳಿಗೆ, ಕಾಪರ್‌-ಟಿ ಬಸಿರು ತಡೆಯುತ್ತವೆ, ಸೋಂಕನ್ನಲ್ಲ; ಎರಡಕ್ಕೂ ನೆರವಾಗುವುದು ಕಾಂಡೋಮ್. ಹೆರಿಗೆಯಾಗಿ ಮೂರೇ ವಾರಕ್ಕೆ ಮತ್ತೆ ಬಸಿರಾಗಬಹುದು ಎಂಬುದೂ ನೆನಪಿರಲಿ.

“ಕನ್ಸೆಂಟ್” ಪದವನ್ನು ಮಕ್ಕಳಿಗೆ ಶಾಲೆ ಕಲಿಸುತ್ತದೆ. “ನಿನಗೆ ಇಷ್ಟ ಇದೆಯಾ?” ಅನ್ನುವ ಕನ್ನಡ ಮಾತ್ರ ಮನೆಯಲ್ಲೇ ಅವರ ಕಿವಿಗೆ ಬೀಳಬೇಕು.